ಕೇರಿ ಸಾಹೇಬನ ಬೆಳಗಿನ ಐದೂಮುಕ್ಕಾಲು

ನಮ್ಮ ನಿಪ್ಪಾಣಿಯಲ್ಲಿ ಕನ್ನಡ-ಮರಾಠಿ ಎರಡೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುತ್ತವೆ. ಜಗಳವೂ ಉಂಟು, ಬಿಡಿ. ಆದರೆ ಈ ಎರಡೂ ಭಾಷೆಗಳಿಗೆ ಇಂಗ್ಲಿಷಿನಲ್ಲಿ ವ್ಯಾಕರಣ ಬರೆದು ಅಚ್ಚು ಹಾಕಿಸಿದವನು ಒಬ್ಬನೇ ಪಾದ್ರಿ ಅಂದರೆ ಎಷ್ಟೋ ಜನಕ್ಕೆ ಆಶ್ಚರ್ಯ. ಮರಾಠಿಯದು 1805ರಲ್ಲಿ, ಕನ್ನಡದ್ದು 1817ರಲ್ಲಿ. ಎರಡೂ ಹೊರಬಂದದ್ದು ದೂರದ ಬಂಗಾಳದ ಶ್ರೀರಾಮಪುರದಿಂದ. ಪಾದ್ರಿಯ ಹೆಸರು ವಿಲಿಯಂ ಕೇರಿ (ನಮ್ಮ ಓಣಿ-ಕೇರಿಯ ಕೇರಿ ಅಲ್ಲ!). ಊರಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು, 1793ರಲ್ಲಿ ಬಂಗಾಳಕ್ಕೆ ಬಂದ.

ಬಿಡುವಿಲ್ಲದ ಸಭಾಪಾಲಕರು ಬೆಳಗಿನ ಹೊತ್ತನ್ನು ಹೇಗೆ ಬಳಸಬೇಕು ಅಂತ ಪಾಠ ಹೇಳುವವರು ಈತನನ್ನೇ ಉದಾಹರಣೆ ಕೊಡುವುದುಂಟು. ಅದಕ್ಕೆ ಆಧಾರ ಆತ 1806ರ ಜೂನ್‌ನಲ್ಲಿ ಕಲ್ಕತ್ತೆಯಿಂದ ಬರೆದ ಒಂದು ಪತ್ರ. ಅದರಲ್ಲಿ ಆ ಒಂದು ದಿನದ ಲೆಕ್ಕ ಹೀಗಿದೆ. ಐದೂಮುಕ್ಕಾಲಿಗೆ ಎದ್ದು ಹೀಬ್ರೂ ಬೈಬಲಿನ ಒಂದು ಅಧ್ಯಾಯ ಓದಿದ. ಏಳರ ತನಕ ಏಕಾಂತ ಪ್ರಾರ್ಥನೆ. ಆಮೇಲೆ ಆಳುಗಳ ಜೊತೆ ಬಂಗಾಳಿಯಲ್ಲಿ ಪ್ರಾರ್ಥನೆ. ಚಹಾ ಸಿದ್ಧವಾಗುವಷ್ಟರಲ್ಲಿ ಮುನ್ಶಿಯ ಜೊತೆ ಒಂದಿಷ್ಟು ಪಾರ್ಸಿ, ತಿಂಡಿಗೆ ಮುಂಚೆ ಹಿಂದೂಸ್ತಾನಿಯಲ್ಲಿ ಬೈಬಲ್. ತಿಂಡಿ ಮುಗಿದ ಕೂಡಲೇ ಪಂಡಿತನೊಬ್ಬನ ಜೊತೆ ರಾಮಾಯಣದ ಅನುವಾದ! ಹತ್ತಕ್ಕೆ ಫೋರ್ಟ್ ವಿಲಿಯಂ ಕಾಲೇಜು. ಅಲ್ಲಿಂದ ಮುಂದೆ ಕರಡು ತಿದ್ದುವುದು, ಸಂಸ್ಕೃತ ಅನುವಾದ, ಸಂಜೆ ತೆಲುಗು ಪಂಡಿತ, ಏಳೂವರೆಗೆ ಸುಮಾರು ನಲವತ್ತು ಜನರಿಗೆ ಉಪದೇಶ, ಮತ್ತೆ ರಾತ್ರಿ ಹನ್ನೊಂದರ ಹತ್ತಿರದವರೆಗೆ ಬಂಗಾಳಿ ಅನುವಾದ.

ಇಷ್ಟೆಲ್ಲ ಯಾಕೆ ಬರೆದ ಗೊತ್ತೇ? ನನಗೆ ಕಾಗದ ಬರೆಯಲು ಪುರುಸೊತ್ತಿಲ್ಲ ಅಂತ ಇಂಗ್ಲೆಂಡಿನ ಸ್ನೇಹಿತನಿಗೆ ತಿಳಿಸಲು!

ಈ ಪಟ್ಟಿಯಲ್ಲಿ ನನಗೆ ಐದೂಮುಕ್ಕಾಲಿಗಿಂತ ದೊಡ್ಡದಾಗಿ ಕಂಡದ್ದು ಬೇರೆ. ಕೇರಿ ಮಲಗುವ ಕೋಣೆಯಿಂದ ಹೊರಬಂದಾಗ ಆ ಮುನ್ಶಿ ಆಗಲೇ ಬಂದು ಕಾಯುತ್ತಿದ್ದ. ತಿಂಡಿ ಮುಗಿಸಿದಾಗ ಪಂಡಿತನೂ ಕಾಯುತ್ತಿದ್ದ. ಇದನ್ನು ಕೇರಿಯೇ ಬರೆದಿದ್ದಾನೆ, ಆದರೆ ಹೆಸರಿಲ್ಲದೆ. ಅವರು ಎಷ್ಟು ಗಂಟೆಗೆ ಎದ್ದಿರಬೇಕು? ಯಾರದೋ ದಿನಚರಿ ಅಚ್ಚುಕಟ್ಟಾಗಿ ನಡೆಯಬೇಕಾದರೆ ಇನ್ನೊಬ್ಬರು ಅವರಿಗಿಂತ ಮುಂಚೆ ಎದ್ದು ಬಾಗಿಲಲ್ಲಿ ನಿಂತಿರಬೇಕಷ್ಟೆ. ಕೇರಿಯನ್ನು ಸೋಮಾರಿ ಅನ್ನುತ್ತಿಲ್ಲ, ಆತನ ದುಡಿಮೆ ದೊಡ್ಡದು. ಆದರೆ ಮರಾಠಿ ವ್ಯಾಕರಣದ ಹಿಂದೆ ವೈಜನಾಥ ಪಂಡಿತನಿದ್ದ, ಸಂಸ್ಕೃತ-ಬಂಗಾಳಿ ಕೆಲಸಕ್ಕೆ ಮೃತ್ಯುಂಜಯ ವಿದ್ಯಾಲಂಕಾರನಂಥ ದೊಡ್ಡ ವಿದ್ವಾಂಸನಿದ್ದ. ರಾಮಾಯಣಕ್ಕೆ ಮಾರ್ಷ್‌ಮನ್ ಜೊತೆಗಾರ, ಅಚ್ಚುಕೂಟಕ್ಕೆ ವಾರ್ಡ್. ಉಪದೇಶಕರ ಪಟ್ಟಿಯಲ್ಲಿ ಇವರಲ್ಲಿ ಒಬ್ಬರೂ ಇರುವುದಿಲ್ಲ.

ಪತ್ರದಲ್ಲೇ ಇಲ್ಲದ ಇನ್ನೊಬ್ಬಳು ಹೆಂಡತಿ ಡೊರೋಥಿ. ಮೊದಮೊದಲು ಬರಲು ಒಲ್ಲೆ ಎಂದಿದ್ದಳು, ಕೊನೆಗೆ ಹಸುಗೂಸನ್ನು ಎತ್ತಿಕೊಂಡು ಹಡಗು ಹತ್ತಿದಳು. 1794ರಲ್ಲಿ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ಸತ್ತ. ಆಮೇಲೆ ಅವಳ ಬುದ್ಧಿ ಸ್ಥಿಮಿತಕ್ಕೆ ಬರಲೇ ಇಲ್ಲ. ಕೇರಿ ಕಾಲೇಜಿಗೆಂದು ವಾರದ ಅರ್ಧ ಭಾಗ ಕಲ್ಕತ್ತೆಯಲ್ಲಿರುತ್ತಿದ್ದ, ಇವಳು ಶ್ರೀರಾಮಪುರದ ಮನೆಯ ಒಂದು ಕೋಣೆಯಲ್ಲಿ. ಗಂಡುಮಕ್ಕಳನ್ನು ದಾರಿಗೆ ತಂದವರಲ್ಲಿ ಮುಖ್ಯಳು ಹನ್ನಾ ಮಾರ್ಷ್‌ಮನ್. ತನ್ನ ಸಂಸಾರ, ಶಾಲೆ, ಎಲ್ಲದರ ನಡುವೆ! ಆಕೆ ಎಷ್ಟಕ್ಕೆ ಏಳುತ್ತಿದ್ದಳೋ, ಅದನ್ನು ಯಾರೂ ಮಾದರಿ ಮಾಡಿಲ್ಲ.

ಡೊರೋಥಿ 1807ರ ಡಿಸೆಂಬರಿನಲ್ಲಿ ತೀರಿಕೊಂಡಳು. 1812ರ ಮಾರ್ಚಿನಲ್ಲಿ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಅಚ್ಚುಮೊಳೆ, ಕಾಗದ, ಹಸ್ತಪ್ರತಿ ಎಲ್ಲ ಸುಟ್ಟವು. ಕೇರಿ ಮತ್ತೆ ಮೊದಲಿಂದ ಕೂತ. ಸಂಜೆಯ ತೆಲುಗು ಪಾಠ 1814ರಲ್ಲಿ ತೆಲುಗು ವ್ಯಾಕರಣವಾಯಿತು. ಮೂರು ವರ್ಷ ಬಿಟ್ಟು ಕರ್ಣಾಟ ಭಾಷೆಯ ವ್ಯಾಕರಣ, ಅಂದರೆ ನಮ್ಮದು. ಮುಖಪುಟದ ಮೇಲೆ ಒಂದೇ ಹೆಸರು.