ಮೊಬೈಲ್ ಕಿತ್ತುಕೊಂಡರೆ ಮಗು ಯಾರಿಗೆ ಹೇಳಬೇಕು?

ಶಾಲಾ ಮಕ್ಕಳಿಗೆ ಸಾಮಾಜಿಕ ಜಾಲತಾಣ ನಿಷೇಧಿಸುವುದು ಒಳ್ಳೆಯದೆಂದು ಕರ್ನಾಟಕ ಹೈಕೋರ್ಟಿನ ಪೀಠವೊಂದು 2023ರಲ್ಲೇ ಮೌಖಿಕವಾಗಿ ಹೇಳಿತ್ತು. 2025ರ ಡಿಸೆಂಬರ್ 10ರಂದು ಆಸ್ಟ್ರೇಲಿಯಾ 16 ವರ್ಷದೊಳಗಿನವರ ಖಾತೆಗಳಿಗೆ ತಡೆ ಹಾಕಿದ ಮೇಲಂತೂ ಮಕ್ಕಳ ಸುರಕ್ಷತೆಯೆಂದರೆ ನಿಷೇಧ ಎಂಬಂತಾಗಿದೆ. ಆ ದೇಶ 2015ರಲ್ಲೇ ಮಕ್ಕಳಿಗಾಗಿ ಪ್ರತ್ಯೇಕ ಆಯುಕ್ತರನ್ನು ನೇಮಿಸಿ, ದೂರು ಕೇಳಿ ಕಿರುಕುಳದ ಪೋಸ್ಟ್ ತೆಗೆಸುವ ವ್ಯವಸ್ಥೆ ಮಾಡಿತ್ತೆಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಭಾರತದ ಕಥೆಯ ಮೊದಲ ಅಧ್ಯಾಯ ಚಿಕ್ಕದು. 1995ರಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂತು, 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ. ಮಕ್ಕಳ ಅಶ್ಲೀಲ ಚಿತ್ರಗಳನ್ನು ಪ್ರತ್ಯೇಕ ಅಪರಾಧವೆಂದ ಅದರ ಕಲಂ 67ಬಿ ಜಾರಿಯಾಗಲು 2009 ಬರಬೇಕಾಯಿತು, 2012ರಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆ ಬಂತು. ಕಂಪ್ಯೂಟರನ್ನು ಹಜಾರದಲ್ಲಿಡಿ ಎಂಬುದೇ ಆಗ ಪೋಷಕರಿಗಿದ್ದ ಸಲಹೆ. 2016ರ ನಂತರ ಡೇಟಾ ಅಗ್ಗವಾಗಿ ಫೋನ್ ಮಕ್ಕಳ ಕೈಗೆ ಬಂದಾಗ ಆ ಸಲಹೆ ಕೆಲಸಕ್ಕೆ ಬಾರದಾಯಿತು. 2017ರಲ್ಲಿ ಮಕ್ಕಳನ್ನು ಆತ್ಮಹತ್ಯೆಗೆ ದೂಡುತ್ತದೆ ಎನ್ನಲಾದ ‘ಬ್ಲೂ ವೇಲ್’ ಆಟದ ಭೀತಿ ಹಬ್ಬಿತು. ಇಲ್ಲಿನ ಸಾವುಗಳಿಗೂ ಆ ಆಟಕ್ಕೂ ನಂಟಿತ್ತೆಂಬುದಕ್ಕೆ ಖಚಿತ ಪುರಾವೆ ಸಿಗಲಿಲ್ಲ. ಹೆದರಿಸುವ ಅಭ್ಯಾಸವಷ್ಟೇ ಉಳಿಯಿತು.

ಗಟ್ಟಿ ಕೆಲಸ ನಡೆದದ್ದು ಬೆಂಗಳೂರಿನಲ್ಲಿ, ಸದ್ದಿಲ್ಲದೆ. ನಿಮ್ಹಾನ್ಸ್ 2014ರಲ್ಲಿ ತೆರೆದ ‘ಶಟ್’ ಕ್ಲಿನಿಕ್ ಅತಿಯಾದ ಫೋನ್ ಬಳಕೆಯ ಜೊತೆಗೆ ಮಗುವಿನ ನಿದ್ದೆ, ಒಂಟಿತನ, ಮನೆಯವರ ಒಡನಾಟವನ್ನೂ ವಿಚಾರಿಸಿತು. ಸ್ತ್ರೀರೋಗ ತಜ್ಞೆಯರಾದ ಸಂಗೀತಾ ಸಕ್ಸೇನಾ, ಶೈಬ್ಯಾ ಸಲ್ಡಾನ್ಹಾ ಕಟ್ಟಿದ ಎನ್‌ಫೋಲ್ಡ್ ಸಂಸ್ಥೆ ವೈಯಕ್ತಿಕ ಸುರಕ್ಷತೆಯನ್ನು ಶಾಲೆಯ ಪಾಠವಾಗಿಸಿತು. ಮಕ್ಕಳ ಆನ್‌ಲೈನ್ ಸುರಕ್ಷತೆಯ ಕೆಲಸದಲ್ಲಿ, ಮಗುವಿನ ಮಾತು ಕೇಳುವ ಈ ಧಾರೆಯೇ ಅತ್ಯಂತ ಪ್ರಾಮಾಣಿಕ.

ಕಾರಣ ಸರಳ. ವಂಚಕ ಗೇಮ್‌ನ ಚಾಟ್‌ನಲ್ಲಿ ಸಲಿಗೆ ಬೆಳೆಸುತ್ತಾನೆ, ಇನ್ನೊಂದು ಆ್ಯಪ್‌ಗೆ ಕರೆಯುತ್ತಾನೆ, ಒಂದು ಫೋಟೊ ಪಡೆಯುತ್ತಾನೆ, ಆಮೇಲೆ ಬೆದರಿಸುತ್ತಾನೆ. ‘ಮನೆಯಲ್ಲಿ ಗೊತ್ತಾದರೆ ಬೈಗುಳ ಖಂಡಿತ, ಫೋನೂ ಹೋಗುತ್ತದೆ’ ಎಂಬ ಮಗುವಿನ ಭಯವೇ ಅವನ ಬಂಡವಾಳ. ನಿಷೇಧ ಆ ಭಯವನ್ನು ಹೆಚ್ಚಿಸಬಹುದು, ಕಳೆಯಲಾರದು.

ಈಚಿನ ವರ್ಷಗಳಲ್ಲಿ ಸಾಧನಗಳಿಗೆ ಕೊರತೆಯಿಲ್ಲ. 2019ರಿಂದ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ. ಅಪ್ರಾಪ್ತರ ಖಾಸಗಿ ಚಿತ್ರಗಳನ್ನು ಜಾಲತಾಣಗಳಿಂದ ತೆಗೆಸಲು ನೆರವಾಗುವ ‘ಟೇಕ್ ಇಟ್ ಡೌನ್’ ಸೇವೆಯಲ್ಲಿ ಫೋಟೊ ಫೋನಿನಿಂದ ಹೊರಹೋಗದೆ ಅದರ ಡಿಜಿಟಲ್ ಗುರುತು ಮಾತ್ರ ಕಂಪನಿಗಳಿಗೆ ತಲುಪುತ್ತದೆ. ಮಕ್ಕಳ ಅಶ್ಲೀಲ ಚಿತ್ರಗಳ ಕುರಿತ 2024ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಲೈಂಗಿಕ ಶಿಕ್ಷಣದ ಅಗತ್ಯವನ್ನು ಒತ್ತಿ ಹೇಳಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಅಪ್ಪನ ಹೆಸರಿನ ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವ ಊರುಗಳಲ್ಲಿ ಆ ಒಪ್ಪಿಗೆಗೆ ಅರ್ಥವೆಷ್ಟು?

ಇಲ್ಲದಿರುವುದು ಕೇಳುವ ಜನ. ಬಹುಪಾಲು ಸರ್ಕಾರಿ ಪ್ರೌಢಶಾಲೆಗಳಲ್ಲಿ ಆಪ್ತಸಮಾಲೋಚಕರಿಲ್ಲ. ಮಕ್ಕಳ ಆಡುಮಾತಿನಲ್ಲಿ ಬರೆದ ಕನ್ನಡ ಪಾಠಗಳು ವಿರಳ. ನಿಷೇಧಕ್ಕಾಗಿ ಕಾಯದೆ ಶಿಕ್ಷಣ ಇಲಾಖೆ ಪ್ರತಿ ಪ್ರೌಢಶಾಲೆಯಲ್ಲಿ ಒಬ್ಬ ಶಿಕ್ಷಕರಿಗಾದರೂ ತರಬೇತಿ ಕೊಡಲಿ; ಮಕ್ಕಳ ಸಹಾಯವಾಣಿ 1098ರ ಸಂಖ್ಯೆ ತರಗತಿಯ ಗೋಡೆಯ ಮೇಲಿರಲಿ. ಪೋಷಕರು ಬೆದರಿಕೆಯ ಸಂದೇಶ, ಖಾತೆಯ ಹೆಸರು ಅಳಿಸದೆ ಉಳಿಸಿಕೊಂಡು ದೂರು ಕೊಡಲಿ. ಅದಕ್ಕೂ ಮೊದಲು ಮಗುವಿಗೆ ‘ತಪ್ಪು ನಿನ್ನದಲ್ಲ’ ಎಂದು ಹೇಳಲಿ.