ಎರಡಕ್ಷರ ಬರೆದು ನಿಂತ ಕಂಪ್ಯೂಟರು

ಪರದೆಯ ಎಡಮೂಲೆಯಲ್ಲಿ ‘ಎಲ್’ ಎಂಬ ಇಂಗ್ಲಿಷ್ ಅಕ್ಷರ ಮೂಡುತ್ತದೆ. ಅದರ ಪಕ್ಕಕ್ಕೆ ‘ಐ’. ಅಲ್ಲಿಗೆ ಮುಗಿಯಿತು, ಕೀಲಿಮಣೆ ಎಷ್ಟು ಕುಟ್ಟಿದರೂ ಮಿಸುಕಾಟವಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಲು ಹೊರಟ ಬಹಳ ಮಂದಿಗೆ ಈ ಎರಡಕ್ಷರದ ದರ್ಶನವಾಗಿದೆ. ಯಂತ್ರ ಕೆಟ್ಟು ತೊದಲುತ್ತಿದೆ ಎಂದೇ ಹಲವರು ತಿಳಿದರು. ಅಸಲಿಗೆ ಅದೊಂದು ವರದಿ, ಅದೂ ಬಹಳ ಪ್ರಾಮಾಣಿಕವಾದ ವರದಿ.

ಲಿನಕ್ಸಿನ ಕರ್ನೆಲ್ಲನ್ನು ಡಿಸ್ಕಿನಿಂದ ಎತ್ತಿ ಮೆಮೊರಿಗೆ ತರುವ ಕೆಲಸ ಆಗ ಲಿಲೊ ಎಂಬ ಪುಟ್ಟ ಪ್ರೋಗ್ರಾಮಿನದು. ಬರೆದವರು ವರ್ನರ್ ಆಲ್ಮೆಸ್‌ಬರ್ಗರ್. ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಇರುವುದೇ 512 ಬೈಟ್ ಜಾಗ, ಅದರಲ್ಲೂ ಡಿಸ್ಕಿನ ಪಾಲುಪಟ್ಟಿಗೆ ಒಂದಿಷ್ಟು ಬಿಟ್ಟುಕೊಡಬೇಕು. ಉಳಿದ ಇಕ್ಕಟ್ಟಿನಲ್ಲಿ ಏನು ತಪ್ಪಾಯಿತೆಂದು ವಿವರವಾಗಿ ಹೇಳುತ್ತ ಕೂರಲು ಸ್ಥಳವೆಲ್ಲಿ? ಹಾಗಾಗಿ ಲಿಲೊ ಒಂದೊಂದು ಹಂತ ದಾಟಿದಾಗಲೂ ತನ್ನ ಹೆಸರಿನ ಒಂದೊಂದು ಅಕ್ಷರವನ್ನು ಪರದೆಗೆ ಬರೆಯುತ್ತಿತ್ತು. ಮೊದಲ ಅಕ್ಷರ ಬಂದರೆ ಮೊದಲ ಹಂತ ಎದ್ದಿದೆ ಎಂದರ್ಥ. ಎರಡನೆಯದು ಬಂದು ನಿಂತರೆ, ಮುಂದಿನ ಹಂತವನ್ನು ಡಿಸ್ಕಿನಿಂದ ತಂದದ್ದಾಗಿದೆ, ಆದರೆ ಅದು ನಡೆಯಲೊಲ್ಲದು. ಮೂರನೆಯದರ ಬಳಿ ನಿಂತರೆ, ನಡೆಯಿತು, ಆದರೆ ಕರ್ನೆಲ್ ಎಲ್ಲಿದೆ ಎಂಬ ನಕ್ಷೆ ಓದಲಾಗುತ್ತಿಲ್ಲ. ನಾಲ್ಕೂ ಅಕ್ಷರ ಬಂದರೆ ಗೆದ್ದಂತೆ.

ನಿಲ್ಲಲು ಕಾರಣ ಬಹುಮಟ್ಟಿಗೆ ಒಂದೇ. ಆ ಕಾಲದ ಕಂಪ್ಯೂಟರುಗಳ ಬಯಾಸ್ ಡಿಸ್ಕಿನ ಸಿಲಿಂಡರುಗಳನ್ನು ಎಣಿಸಲು ಹತ್ತು ಬಿಟ್ ಮಾತ್ರ ಇಟ್ಟುಕೊಂಡಿತ್ತು. ಹತ್ತು ಬಿಟ್ಟಿನಲ್ಲಿ 1024ಕ್ಕಿಂತ ಮುಂದೆ ಎಣಿಕೆ ಹೋಗದು. ಡಿಸ್ಕುಗಳು ಎಂಟು ಗಿಗಾಬೈಟ್ ದಾಟಿ ಬೆಳೆದಾಗ ಆ ಗೆರೆಯಿಂದಾಚೆ ಕುಳಿತ ಕರ್ನೆಲ್ ಬಯಾಸಿನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಜೊತೆಗೆ ಲಿಲೊಗೆ ಕಡತಗಳ ಹೆಸರು ಗೊತ್ತಿಲ್ಲ. ಅದು ಮನೆ ನಂಬರ್ ಬಾಯಿಪಾಠ ಮಾಡಿಕೊಂಡ ಅಂಚೆಯಣ್ಣನ ಹಾಗೆ. ಒಳಗಿದ್ದವರು ಮನೆ ಬದಲಿಸಿದರೆ ಹಳೆಯ ಬಾಗಿಲನ್ನೇ ತಟ್ಟುತ್ತದೆ. ಕರ್ನೆಲ್ ಬದಲಿಸಿದಾಗಲೆಲ್ಲ ಲಿಲೊವನ್ನು ಇನ್ನೊಮ್ಮೆ ಓಡಿಸಿ ಹೊಸ ವಿಳಾಸ ಹೇಳಿಕೊಡಬೇಕಿತ್ತು. 1995ರಲ್ಲಿ ಎರಿಕ್ ಬೋಲಿನ್ ಶುರುಮಾಡಿದ ಗ್ರಬ್‌ಗೆ ಕಡತವ್ಯವಸ್ಥೆಯನ್ನು ಓದಲು ಬರುತ್ತಿತ್ತು, ಹೆಸರು ಹಿಡಿದೇ ಹುಡುಕುತ್ತಿತ್ತು. ನಿಧಾನಕ್ಕೆ ಲಿಲೊ ಮೂಲೆ ಸೇರಿತು. ಆದರೂ ಸೋತಾಗ ಎಲ್ಲಿ ಸೋತೆ ಎಂದು ನಾಲ್ಕಕ್ಷರದಲ್ಲಿ ಹೇಳಿದ ಆ ಸಂಯಮ ನನಗೆ ಇಂದಿಗೂ ಇಷ್ಟ. ‘ಏನೋ ತೊಂದರೆಯಾಗಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎನ್ನುವ ಈಗಿನ ಫೋನುಗಳಿಗಿಂತ ಅದು ಹೆಚ್ಚು ಹೇಳುತ್ತಿತ್ತು.

ಡೆಸ್ಕ್‌ಟಾಪ್ ಲಿನಕ್ಸಿನ ಚರಿತ್ರೆಯನ್ನು ಅದರ ಗೆಲುವುಗಳಿಂದ ಬರೆದವರು ಬೇಕಾದಷ್ಟು ಜನ. ನನಗೆ ಅದರ ದೋಷಗಳೇ ಹೆಚ್ಚು ನಂಬಿಕೆಯ ದಾಖಲೆ ಅನ್ನಿಸುತ್ತದೆ. ಯಾವ ಕಾಲಕ್ಕೆ ಯಾರ ಹತ್ತಿರ ಯಾವ ಮಾಹಿತಿ ಇತ್ತು, ಯಾರು ಅದನ್ನು ಮುಚ್ಚಿಟ್ಟರು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ಕಥೆ ಶುರುವಾಗುವುದೂ ಒಂದು ದೋಷದಿಂದಲೇ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತು. ಅದರಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿದರೆ ಕಾಯುತ್ತಿದ್ದವರ ಪರದೆಗೆ ಸುದ್ದಿ ಹೋಗುವಂತೆ ರಿಚರ್ಡ್ ಸ್ಟಾಲ್ಮನ್ ಪ್ರೋಗ್ರಾಮನ್ನು ತಿದ್ದಿದ್ದರು. ಹೊಸದರ ಮೂಲ ಆಕರ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರೊಬ್ಬರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲವೆಂದು ಸಹಿ ಹಾಕಿದ್ದೇನೆ ಎಂಬ ಉತ್ತರ ಬಂತು. 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದ್ದರ ಹಿಂದೆ ಈ ಸಿಕ್ಕಿಬಿದ್ದ ಕಾಗದವೂ ಇದೆ. ಎಂಟು ವರ್ಷದ ಬಳಿಕ, 1991ರ ಆಗಸ್ಟ್ 25ರಂದು, ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಹವ್ಯಾಸದ ಕೆಲಸವನ್ನು ಪ್ರಕಟಿಸುವಾಗ, ತನ್ನ ಬಳಿ ಇರುವ ಬಗೆಯ ಹಾರ್ಡ್ ಡಿಸ್ಕ್ ಬಿಟ್ಟು ಬೇರೆಯದಕ್ಕೆ ಇದು ಬಹುಶಃ ಹೊಂದಲಾರದು ಎಂದು ಮೊದಲೇ ತಿಳಿಸಿದ. ಮುಂದಿನ ಮೂರು ದಶಕಗಳ ತೊಂದರೆಗಳೆಲ್ಲ ಆ ಒಂದು ಮಾತಿನ ವಿಸ್ತರಣೆ ಎನ್ನಬಹುದು. ಯಂತ್ರದ ಭಾಗ ಯಾರ ಮೇಜಿನ ಮೇಲಿದೆಯೋ ಅವರೇ ಅದಕ್ಕೆ ಡ್ರೈವರ್ ಬರೆಯಬೇಕು.

ಮೊದಲ ಕಷ್ಟ ಪರದೆಯದು. ಚಿತ್ರ ಮೂಡಿಸುವ ಎಕ್ಸ್‌ಫ್ರೀ86 ತಂತ್ರಾಂಶಕ್ಕೆ ನಿಮ್ಮ ಮಾನಿಟರ್ ಅಡ್ಡಡ್ಡ ಎಷ್ಟು ಕಿಲೊಹರ್ಟ್ಸ್, ಉದ್ದುದ್ದ ಎಷ್ಟು ಹರ್ಟ್ಸ್ ತಾಳುತ್ತದೆ ಎಂದು ಕೈಯಾರೆ ಬರೆದುಕೊಡಬೇಕಿತ್ತು. ತಪ್ಪು ಸಂಖ್ಯೆ ಕೊಟ್ಟರೆ ಮಾನಿಟರಿಗೇ ಹಾನಿಯಾಗಬಹುದು ಎಂಬ ಎಚ್ಚರಿಕೆಯೂ ಅಲ್ಲೇ ಇರುತ್ತಿತ್ತು. ಸಾಲ ಮಾಡಿ ಕಂಪ್ಯೂಟರ್ ತಂದ ಮನೆಯಲ್ಲಿ ಆ ಎಚ್ಚರಿಕೆಯನ್ನು ಓದುವುದೆಂದರೆ ಏನು ಎಂಬುದನ್ನು ಅದನ್ನು ಬರೆದವರು ಊಹಿಸಿರಲಾರರು. ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬಂದ ಸಿ.ಡಿ. ಹಿಡಿದು ನಾವು ಮೂವರು ಗೆಳೆಯರು ಮಾನಿಟರಿನ ಬೆನ್ನಿನ ಚೀಟಿಯನ್ನು ಟಾರ್ಚ್ ಬಿಟ್ಟು ಓದುತ್ತಿದ್ದೆವು. ಕ್ಲಾಸ್ ಕ್ನಾಪರ್ ತಮ್ಮ ಕ್ನಾಪಿಕ್ಸ್ ಸಿ.ಡಿ.ಯಲ್ಲಿ ಯಂತ್ರದ ಭಾಗಗಳನ್ನು ತಂತಾನೇ ಗುರುತಿಸಿ ಚಿತ್ರ ಮೂಡಿಸಿ ತೋರಿಸಿದಾಗ, ಹಾಗಾದರೆ ಇದು ಸಾಧ್ಯವಿತ್ತೇ ಎಂದು ಕೋಪವೂ ಬಂತು. 2009ರ ಹೊತ್ತಿಗೆ ಪರದೆಯ ಹೊಂದಾಣಿಕೆ ಕರ್ನೆಲ್ಲಿನೊಳಕ್ಕೇ ಹೋಯಿತು. ಈಗಿನ ಹುಡುಗರಿಗೆ ಆ ಸಂಖ್ಯೆಗಳ ಹೆಸರೂ ಗೊತ್ತಿಲ್ಲ, ಗೊತ್ತಿರಬೇಕಾದ್ದೂ ಇಲ್ಲ.

ಮೋಡೆಮ್ಮಿನ ಕಥೆ ಬೇರೆ ಜಾತಿಯದು. ಟೆಲಿಫೋನ್ ತಂತಿಯ ಮೂಲಕ ಇಂಟರ್ನೆಟ್ಟಿಗೆ ಹೋಗುತ್ತಿದ್ದ ಕಾಲದಲ್ಲಿ ಮೋಡೆಮ್ ಎಂದರೆ ಸ್ವಂತ ತಲೆಯುಳ್ಳ ಪೆಟ್ಟಿಗೆ. ಸದ್ದನ್ನು ಅಂಕಿಯಾಗಿಸುವ ಲೆಕ್ಕವನ್ನೆಲ್ಲ ಅದೇ ಮಾಡುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಕಂಪನಿಗಳು ಆ ತಲೆಯನ್ನು ತೆಗೆದುಬಿಟ್ಟವು. ಲೆಕ್ಕವನ್ನೆಲ್ಲ ಕಂಪ್ಯೂಟರಿನ ಪ್ರೊಸೆಸರಿಗೆ ಹೊರಿಸಿ, ಕಾರ್ಡಿನಲ್ಲಿ ಬರೇ ತಂತಿ ಚುಚ್ಚುವ ಜಾಗ ಮತ್ತು ಒಂದೆರಡು ಚಿಪ್ ಉಳಿಸಿದವು. ಬೆಲೆ ಇಳಿಯಿತು. ಲೆಕ್ಕ ಮಾಡುವ ಪ್ರೋಗ್ರಾಮು ವಿಂಡೋಸಿಗೆ ಮಾತ್ರ ಬಂತು, ಆದ್ದರಿಂದ ಇವಕ್ಕೆ ವಿನ್‌ಮೋಡೆಮ್ ಎಂದೇ ಹೆಸರು. ಲಿನಕ್ಸಿನ ಮಟ್ಟಿಗೆ ಅದು ಮೂಕ. ನಮ್ಮ ಕಡೆ ಜೋಡಿಸಿ ಮಾರುತ್ತಿದ್ದ ಕಂಪ್ಯೂಟರುಗಳಲ್ಲಿ ಇದ್ದದ್ದು ಸಹಜವಾಗಿಯೇ ಈ ಅಗ್ಗದ ಕಾರ್ಡು. ‘ಹೊರಗಿನಿಂದ ಸೀರಿಯಲ್ ಪೋರ್ಟಿಗೆ ಚುಚ್ಚುವ ಮೋಡೆಮ್ ಕೊಂಡುಕೊಳ್ಳಿ’ ಎಂದು ಬಲ್ಲವರು ಸಲಹೆ ಕೊಡುತ್ತಿದ್ದರು. ಸಲಹೆ ಸರಿಯಾಗಿಯೇ ಇತ್ತು, ದುಡ್ಡು ಇರಲಿಲ್ಲ. ಕಡಿಮೆ ದುಡ್ಡಿನವರಿಗಾಗಿ ಉಚಿತವಾಗಿ ಇರುವ ವ್ಯವಸ್ಥೆಯನ್ನು ಬಳಸಲು ದುಬಾರಿ ಮೋಡೆಮ್ ಬೇಕು ಎಂಬ ಈ ವ್ಯಂಗ್ಯದ ಮುಂದೆ ಸ್ವಾತಂತ್ರ್ಯದ ಭಾಷಣಗಳು ನನಗೆ ಆಗ ಸಪ್ಪೆ ಎನಿಸುತ್ತಿದ್ದವು.

ಕೋನೆಕ್ಸಾಂಟ್ ಚಿಪ್ಪಿನ ಮೋಡೆಮ್ಮುಗಳಿಗೆ ಲಿನಕ್ಸಂಟ್ ಎಂಬ ಕಂಪನಿ ಡ್ರೈವರ್ ಕೊಟ್ಟಿತು. ಬಿಟ್ಟಿಯದು ಸೆಕೆಂಡಿಗೆ 14.4 ಕಿಲೊಬಿಟ್ ವೇಗಕ್ಕೆ ನಿಲ್ಲುತ್ತಿತ್ತು, ಪೂರ್ತಿ ವೇಗ ಬೇಕಾದರೆ ಹಣ ಕಟ್ಟಬೇಕು. ಇದೇ ಕಂಪನಿ 2004ರಲ್ಲಿ ಒಂದು ಚಮತ್ಕಾರವನ್ನೂ ಮಾಡಿತು. ಆಕರ ಮುಚ್ಚಿಟ್ಟ ಡ್ರೈವರನ್ನು ಸೇರಿಸಿಕೊಂಡರೆ ಕರ್ನೆಲ್ ತನ್ನನ್ನು ತಾನು ‘ಟೇಂಟೆಡ್’ ಎಂದು ಗುರುತು ಮಾಡಿಕೊಳ್ಳುತ್ತದೆ. ಕನ್ನಡದಲ್ಲಿ ಮೈಲಿಗೆ ಎನ್ನದೆ ಬೇರೆ ಪದ ತೋಚದು. ಮೈಲಿಗೆಯಾದ ಕರ್ನೆಲ್ಲಿನ ದೂರನ್ನು ಅಭಿವೃದ್ಧಿಕಾರರು ಸಾಮಾನ್ಯವಾಗಿ ಕೇಳುವುದಿಲ್ಲ. ಲಿನಕ್ಸಂಟಿನವರು ಪರವಾನಗಿಯ ಜಾಗದಲ್ಲಿ ‘ಜಿ.ಪಿ.ಎಲ್.’ ಎಂದು ಬರೆದು, ಪಕ್ಕದಲ್ಲೊಂದು ಸೊನ್ನೆ ಬೈಟ್ ಇಟ್ಟು, ಆಮೇಲೆ ಮಿಕ್ಕ ಷರತ್ತು ಬರೆದಿದ್ದರು. ಸಿ ಭಾಷೆಯಲ್ಲಿ ಸೊನ್ನೆ ಬೈಟ್ ಬಂದರೆ ವಾಕ್ಯ ಮುಗಿಯಿತು. ಕರ್ನೆಲ್ ಮೊದಲ ಮೂರಕ್ಷರ ಓದಿ ಮಡಿ ಎಂದು ತಿಳಿದು ಸುಮ್ಮನಾಯಿತು. ಪದೇ ಪದೇ ಬರುವ ಎಚ್ಚರಿಕೆಗಳಿಂದ ಬಳಕೆದಾರರಿಗೆ ಗಲಿಬಿಲಿಯಾಗದಿರಲಿ ಎಂದು ಹೀಗೆ ಮಾಡಿದೆವು ಎಂಬುದು ಅವರ ಸಮಜಾಯಿಷಿ. ಗದ್ದಲವೆದ್ದಿತು. ಶ್ಲೇಷೆಯನ್ನು ನಾವು ಕಾವ್ಯದಲ್ಲಿ ಕಂಡವರು. ಒಂದೇ ಬೈಟಿನಲ್ಲಿ ಯಂತ್ರಕ್ಕೊಂದು ಅರ್ಥ, ಮನುಷ್ಯರಿಗೊಂದು ಅರ್ಥ ಹೊಂದಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸದ್ದಿನ ತೊಂದರೆಗಳನ್ನು ಬೇಗ ದಾಟುತ್ತೇನೆ. ಒಂದು ಪ್ರೋಗ್ರಾಮು ಹಾಡುತ್ತಿದ್ದರೆ ಇನ್ನೊಂದು ಬಾಯಿ ಬಿಡಲಾಗದ ಸ್ಥಿತಿಯಿಂದ ಆಲ್ಸಾ, ಅಲ್ಲಿಂದ ಪಲ್ಸ್‌ಆಡಿಯೊ, ಈಗ ಪೈಪ್‌ವೈರ್ ಎಂದು ಸಾಗಿದ ದಾರಿ ಅದು. ವೈಫೈಯದು ಮಾತ್ರ ಒಂದು ವಿಚಿತ್ರ ಒಗಟು. ಬ್ರಾಡ್‌ಕಾಮ್ ಕಾರ್ಡುಗಳಿಗೆ ಬೇಕಾದ ಫರ್ಮ್‌ವೇರನ್ನು ಹಂಚುವ ಹಕ್ಕು ಲಿನಕ್ಸಿನವರಿಗೆ ಇರಲಿಲ್ಲ. ಆದ್ದರಿಂದ ಕಂಪನಿಯ ಡ್ರೈವರನ್ನು ಇಳಿಸಿಕೊಂಡು ಅದರಿಂದ ಫರ್ಮ್‌ವೇರನ್ನು ಕತ್ತರಿಸಿ ತೆಗೆಯುವ ಒಂದು ಉಪಕರಣವನ್ನೇ ಬರೆದರು. ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಬೇಕು, ವೈಫೈಗೆ ಫರ್ಮ್‌ವೇರ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಅನುಸ್ಥಾಪನಾ ಸಿ.ಡಿ.ಯೊಳಕ್ಕೆ ಬಿಡದೆ ಮಡಿ ಕಾಯ್ದುಕೊಂಡಿದ್ದ ಡೆಬಿಯನ್ ಬಳಗ ಕೊನೆಗೆ 2022ರಲ್ಲಿ ಮತ ಹಾಕಿ ಅದನ್ನು ಒಳಗೆ ಕರೆಯಿತು. ತತ್ವನಿಷ್ಠರಿಗೆ ಬೇಸರವಾಯಿತು. ನನಗೆ ಸರಿ ಎನ್ನಿಸಿತು. ಮೊದಲ ದಿನವೇ ನೆಟ್‌ವರ್ಕ್ ಸಿಗದ ಮನುಷ್ಯ ಎರಡನೆಯ ದಿನ ತತ್ವ ಕೇಳಲು ಬರುವುದಿಲ್ಲ.

ಹೀಗೆ ಬರದೇಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕಷ್ಟಪಟ್ಟದ್ದರಿಂದಲೇ ಕಲಿತೆವು ಎಂದು ಹೇಳುವ ನನ್ನ ತಲೆಮಾರಿನವರೆಲ್ಲ ಕಷ್ಟದಿಂದ ಪಾರಾದವರು. ಆಗಿನ ಹೌ-ಟೂ ಕೈಪಿಡಿಗಳು ಅಪ್ಪಟ ಶ್ರಮದಾನದ ಫಲ. ಅಷ್ಟು ಚೊಕ್ಕ ತಾಂತ್ರಿಕ ಬರವಣಿಗೆಯನ್ನು ಆಮೇಲೆ ಕಡಿಮೆಯೇ ಕಂಡಿದ್ದೇನೆ. ಆದರೆ ಅವೆಲ್ಲ ಇದ್ದದ್ದು ಇಂಗ್ಲಿಷಿನಲ್ಲಿ. ಪ್ರಶ್ನೆಯನ್ನು ಜಾಣತನದಿಂದ ಕೇಳುವುದು ಹೇಗೆ ಎಂದೇ 2001ರಲ್ಲಿ ಎರಿಕ್ ರೇಮಂಡ್ ಒಂದು ಉದ್ದದ ಉಪದೇಶ ಬರೆದರು. ಕೇಳುವ ಮೊದಲು ಕೈಪಿಡಿ ಓದಿರಬೇಕು ಎಂಬುದು ಅದರ ಒಂದು ಮುಖ್ಯ ಪಾಠ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನ್ನೊಬ್ಬ ಗೆಳೆಯನಿಗೆ ದೋಷ ಏನೆಂದು ಗೊತ್ತಿತ್ತು, ಪರಿಹಾರವೂ ಅರ್ಧ ಹೊಳೆದಿತ್ತು. ಅದನ್ನು ಇಂಗ್ಲಿಷಿನಲ್ಲಿ ನಾಲ್ಕು ಜನರ ಮುಂದೆ ಇಡಲು ಹಿಂಜರಿದ. ಅವನ ಪ್ರಶ್ನೆ ಎಲ್ಲೂ ದಾಖಲಾಗಲಿಲ್ಲ.

ಕನ್ನಡದ್ದೇ ಒಂದು ದೋಷವಿದೆ, ಅದನ್ನು ಹೇಳದೆ ಈ ಚರಿತ್ರೆ ನನಗೆ ಪೂರ್ಣವಾಗದು. 1991ರ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಸಂಕೇತ ಸಿಕ್ಕ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ‘ಕರ್ನಾಟಕ’ ಎಂಬ ಪದವನ್ನೇ ನೋಡಿ. ಒಳಗೆ ಅದು ಕ, ರ, ವಿರಾಮ ಚಿಹ್ನೆ, ನ, ದೀರ್ಘ, ಟ, ಕ ಎಂದು ಸಾಲಾಗಿ ಕುಳಿತಿರುತ್ತದೆ. ಅದರಲ್ಲಿನ ರಕಾರವನ್ನು ಅರ್ಕಾವತ್ತಾಗಿಸಿ ನಕಾರದ ಬಲಕ್ಕೆ ಕೊಂಡೊಯ್ಯುವ, ದೀರ್ಘವನ್ನು ನಕಾರಕ್ಕೆ ಬೆಸೆಯುವ ಪ್ರೋಗ್ರಾಮು ಬೇರೆಯೇ ಬೇಕು. ಲಿನಕ್ಸಿನಲ್ಲಿ ಈ ಕೆಲಸಕ್ಕೆ ಒಬ್ಬ ಯಜಮಾನ ಇರಲಿಲ್ಲ. ಗ್ನೋಮ್ ಕಡೆಯವರಿಗೆ ಪ್ಯಾಂಗೊ, ಕೆಡಿಇಗೆ ಕ್ಯೂಟಿ, ಓಪನ್ ಆಫೀಸಿಗೆ ಐಸಿಯು. ಒಂದೇ ಕಂಪ್ಯೂಟರಿನಲ್ಲಿ ಒಂದೇ ಫಾಂಟಿನಲ್ಲಿ ಒಂದೇ ಪದ ಮೂರು ಕಿಟಕಿಗಳಲ್ಲಿ ಮೂರು ರೂಪ ತಾಳುತ್ತಿತ್ತು. ಫೈರ್‌ಫಾಕ್ಸ್‌ನಲ್ಲಿ ಕನ್ನಡ ಸರಿ ಕಾಣಬೇಕಾದರೆ ಪ್ಯಾಂಗೊ ಬಳಸೆಂದು ಅದಕ್ಕೆ ಗುಟ್ಟಾಗಿ ಒಂದು ಸೂಚನೆ ಕೊಟ್ಟು ಓಡಿಸಬೇಕಿತ್ತು. 2008ರಲ್ಲಿ ಮೂರನೆಯ ಆವೃತ್ತಿ ಬಂದ ಮೇಲೆ ಅದು ತಪ್ಪಿತು. ಅಲ್ಲಿಯವರೆಗೆ ನಮ್ಮ ರಾಜ್ಯದ ಹೆಸರು ಕೊಂಬು ಕಳಚಿದ, ಚುಕ್ಕಿ ಉಂಗುರ ತೊಟ್ಟ ಅವತಾರಗಳಲ್ಲಿ ಕಾಣುತ್ತಿತ್ತು.

ಇದನ್ನು ಬಗೆಹರಿಸಿದ್ದು ಹಾರ್ಫ್‌ಬಜ್ ಎಂಬ ತಂತ್ರಾಂಶ. ಅದರ ಹಿಂದಿದ್ದವರು ಇರಾನ್ ಮೂಲದ ಬೆಹದಾದ್ ಎಸ್ಫಾಬೋದ್; ಹೆಸರಿನಲ್ಲಿರುವ ಹರ್ಫ್ ಎಂದರೆ ಪಾರ್ಸಿಯಲ್ಲಿ ಅಕ್ಷರ. ಭಾರತೀಯ ಲಿಪಿಗಳಿಗಾಗಿ ಅವರು ಹಿಡಿದ ದಾರಿ ಸರಳವಾದದ್ದು. ಆಯಾ ಭಾಷೆಯ ವಿಕಿಪೀಡಿಯದಿಂದ ಪದಗಳನ್ನು ರಾಶಿ ಹಾಕಿ, ವಿಂಡೋಸ್ ಹೇಗೆ ಮೂಡಿಸುತ್ತದೆ, ತನ್ನದು ಹೇಗೆ ಮೂಡಿಸುತ್ತದೆ ಎಂದು ಒಂದೊಂದನ್ನೂ ಹೋಲಿಸುವುದು. ಅಂದರೆ ಬಿಡುವಿನ ವೇಳೆಯಲ್ಲಿ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆದವರು ತಮಗೆ ಗೊತ್ತಿಲ್ಲದೆಯೇ ಕನ್ನಡದ ಒತ್ತಕ್ಷರಗಳಿಗೆ ಪರೀಕ್ಷಾ ಪತ್ರಿಕೆ ಬರೆದುಕೊಟ್ಟಿದ್ದರು. 2012ರ ಹೊತ್ತಿಗೆ ಪ್ಯಾಂಗೊ, ಮರುವರ್ಷ ಲಿಬ್ರೆ ಆಫೀಸ್ ಅದನ್ನು ತೆಗೆದುಕೊಂಡವು. ಇತ್ತ ಲೋಹಿತ್ ಫಾಂಟ್, ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ ಮತ್ತು ನವಿಲು, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಎಲ್ಲ ಲಿನಕ್ಸಿಗೂ ಒದಗಿದವು.

ಉಳಿದಿರುವುದು ಹಳೆಯ ಕಡತಗಳು. ಯುನಿಕೋಡ್ ಬಳಕೆಗೆ ಬರುವ ಮೊದಲು ನಮ್ಮ ಪ್ರೆಸ್ಸುಗಳಲ್ಲಿ, ಕಚೇರಿಗಳಲ್ಲಿ ಬೆರಳಚ್ಚಾದದ್ದೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳಲ್ಲಿದೆ. ಆ ಫಾಂಟ್ ಇಲ್ಲದ ಲಿನಕ್ಸಿನಲ್ಲಿ ತೆರೆದರೆ ಒಂದು ಕಾದಂಬರಿ ಪೂರ್ತಿ ರೋಮನ್ ಅಕ್ಷರಗಳ ಕಸದಂತೆ ಕಾಣುತ್ತದೆ. ಪರಿವರ್ತಕಗಳಿವೆ, ಚೆನ್ನಾಗಿಯೂ ಇವೆ. ತೊಡಕು ಮತ್ತೆ ಅರ್ಕಾವತ್ತಿನಲ್ಲೇ. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಂಡಂತೆ ವ್ಯಂಜನದ ನಂತರ ಕುಳಿತಿದೆ, ಯುನಿಕೋಡಿನಲ್ಲಿ ಉಚ್ಚಾರದಂತೆ ಮೊದಲೇ ಬರಬೇಕು. ಪರಿವರ್ತಕ ಪ್ರತಿ ಅಕ್ಷರಗುಚ್ಛದ ಬುಡ ಹುಡುಕಿ ಅದನ್ನು ಹಿಂದಕ್ಕೆ ಒಯ್ಯಬೇಕು. ಕಳೆದ ವರ್ಷ ಗೆಳೆಯರೊಬ್ಬರ ಮುದ್ರಣಾಲಯದ ಹಳೆಯ ಸಿ.ಡಿ.ಗಳನ್ನು ಹೀಗೆ ಬದಲಿಸಲು ಕುಳಿತೆ. ಹನ್ನೊಂದರಲ್ಲಿ ಎರಡನ್ನು ಯಾವ ಯಂತ್ರವೂ ಓದಲಿಲ್ಲ. ಮಿಕ್ಕ ಒಂಬತ್ತರ ಪುಟಗಳನ್ನು ಈಗ ಸಾಲು ಸಾಲಾಗಿ ತಿದ್ದುತ್ತಿದ್ದೇನೆ. ಮೊನ್ನೆಗೆ ನಾಲ್ಕನೆಯದು ಮುಗಿಯಿತು.