ಸಾಗರ ಕ್ಷೇತ್ರ: ಕೊಳಗದಿಂದ ಮತಪೆಟ್ಟಿಗೆಯವರೆಗೆ

ನಮ್ಮ ಭಾಷೆಯಲ್ಲಿ ‘ಕ್ಷೇತ್ರ’ ಎಂಬ ಪದಕ್ಕೆ ಹಲವು ಅರ್ಥಗಳಿವೆ. ಬಿತ್ತಿ ಬೆಳೆಯುವ ಹೊಲವೂ ಕ್ಷೇತ್ರವೇ, ಹರಕೆ ಹೊತ್ತು ಹೋಗುವ ಪುಣ್ಯಸ್ಥಳವೂ ಕ್ಷೇತ್ರವೇ. ಚುನಾವಣೆಗಳು ಬಂದ ಮೇಲೆ ಶಾಸಕನೊಬ್ಬನನ್ನು ಆರಿಸಿ ಕಳಿಸುವ ಊರುಗಳ ಗುಂಪಿಗೂ ಅದೇ ಹೆಸರು ಬಂದಿತು. ನನ್ನ ಹುಟ್ಟೂರು ಇರುವ ಸಾಗರ ವಿಧಾನಸಭಾ ಕ್ಷೇತ್ರದಲ್ಲಿ ಮೊದಲನೆಯ ಅರ್ಥಕ್ಕೂ ಕೊನೆಯ ಅರ್ಥಕ್ಕೂ ಬಿಡಿಸಲಾಗದ ನಂಟು. ಇಲ್ಲಿ ಬಹುಕಾಲ ಮತ ಕೇಳುವುದೆಂದರೆ ಭೂಮಿಯ ಮಾತನಾಡುವುದೇ ಆಗಿತ್ತು. ಆ ಕಥೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈಚೆಗೆ ಹಳೆಯ ಶಿಷ್ಯನೊಬ್ಬ ಮನೆಗೆ ಬಂದು ಒಂದು ಕಾಗದಕ್ಕೆ ನನ್ನ ಸಹಿ ಕೇಳಿದ ಮೇಲೆ ಇನ್ನು ತಡಮಾಡಬಾರದೆನಿಸಿತು. ಆ ಕಾಗದದ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ.

ಮೈಸೂರು ಸಂಸ್ಥಾನದಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಆರಂಭವಾಗಿತ್ತೆಂದು ನಾನು ತರಗತಿಯಲ್ಲಿ ಹೆಮ್ಮೆಯಿಂದ ಪಾಠ ಹೇಳುತ್ತಿದ್ದೆ. ಆದರೆ ಆ ‘ಪ್ರಜೆ’ ಯಾರು ಎಂದು ಯಾವ ಹುಡುಗನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಸಭೆಗೆ ಸಂಬಂಧಪಟ್ಟ ಹಕ್ಕೆಲ್ಲ ಆಸ್ತಿ ಉಳ್ಳವರ, ಕಂದಾಯ ಕಟ್ಟುವವರ ಕೈಯಲ್ಲಿತ್ತು. ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿಗಿಳಿದು ನಟ್ಟಿ ಮಾಡುವ ಗೇಣಿದಾರನ ಹೆಸರಿನಲ್ಲಿ ಕಂದಾಯವಿಲ್ಲ. ಕಂದಾಯವಿಲ್ಲದಿದ್ದ ಮೇಲೆ ಮತವೂ ಇಲ್ಲ. ಪ್ರಾಪ್ತ ವಯಸ್ಸಿನ ಎಲ್ಲರಿಗೂ ಮತದ ಹಕ್ಕು ಸಿಗಲು ನಮ್ಮ ಜನ 1952ರ ಮೊದಲ ಸಾರ್ವತ್ರಿಕ ಚುನಾವಣೆಯವರೆಗೆ ಕಾಯಬೇಕಾಯಿತು.

ಆಗ ಈ ಸೀಮೆಯಲ್ಲಿದ್ದ ಜನವರ್ಗಗಳನ್ನು ಸ್ವಲ್ಪ ಪರಿಚಯಿಸಬೇಕು. ಕೆಳದಿ, ಇಕ್ಕೇರಿಗಳ ಅರಸರು ಆಳಿದ ನೆಲ ಇದು. ಅಡಿಕೆ ತೋಟಗಳ ಕಣಿವೆಗಳಲ್ಲಿ ಹವ್ಯಕರು, ಊರೊಡೆತನ ಹೊಂದಿದ್ದ ಲಿಂಗಾಯತ ಮನೆತನಗಳು, ಗದ್ದೆಯ ಬೇಸಾಯವನ್ನೇ ನಂಬಿದ ದೀವರು, ಕೂಲಿಯನ್ನೇ ನಂಬಿದ ಹಸಲರು, ಪೇಟೆಯಲ್ಲಿ ಗಂಧದ ಮರದಲ್ಲಿ ದೇವರನ್ನು ಕೆತ್ತುವ ಗುಡಿಗಾರರು. ಸಂಖ್ಯೆಯಲ್ಲಿ ದೀವರು ದೊಡ್ಡವರು, ಭೂಮಿಯ ಒಡೆತನದಲ್ಲಿ ತೀರ ಸಣ್ಣವರು. ಅವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವನ್ನು ಇಂದು ದೇಶವೇ ಮೆಚ್ಚುತ್ತದೆ. ಆದರೆ ಚಿತ್ತಾರ ಬರೆದ ಆ ಗೋಡೆ ನಿಂತಿದ್ದ ನೆಲ ಎಷ್ಟೋ ಕಡೆ ಅವರದಾಗಿರಲಿಲ್ಲ.

ಸಾಗರದ ಬಳಿಯ ಕಾಗೋಡಿನಲ್ಲಿ 1951ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಆರಂಭವಾಯಿತು. ಮೂಲದಲ್ಲಿದ್ದುದು ಒಂದು ಅಳತೆಯ ಪಾತ್ರೆಯ ಜಗಳ. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಪೇಟೆಯ ಕೊಳಗಕ್ಕಿಂತ ದೊಡ್ಡದಾಗಿರುತ್ತಿತ್ತು. ಸರಿಯಾದ ಕೊಳಗದಲ್ಲಿ ಅಳೆಯಿರಿ, ಕೊಟ್ಟ ಗೇಣಿಗೆ ರಶೀತಿ ಕೊಡಿ, ಬಿಟ್ಟಿ ದುಡಿಮೆ ನಿಲ್ಲಲಿ ಎಂಬುದು ಗೇಣಿದಾರರ ಬೇಡಿಕೆಗಳು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಗೇಣಿದಾರರನ್ನು ಗದ್ದೆಯಿಂದ ಬಿಡಿಸಿದಾಗ ಸಮಾಜವಾದಿ ಪಕ್ಷದವರು ಹೋರಾಟಕ್ಕೆ ಹೆಗಲು ಕೊಟ್ಟರು. ಸತ್ಯಾಗ್ರಹಿಗಳು ತಂಡ ತಂಡವಾಗಿ ಗದ್ದೆಗಿಳಿದು ಬಂಧನಕ್ಕೊಳಗಾದರು. ಅದೇ ವರ್ಷ ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಲಾಯಿತು. ಗೇಣಿದಾರರಿಗೆ ತಕ್ಷಣದ ಗೆಲುವು ಸಿಗಲಿಲ್ಲ. ಆದರೆ ಮರುವರ್ಷವೇ ಚುನಾವಣೆ ಬಂದಿತು. ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣರ ಎದುರು ನಿಂತು ಗೆದ್ದರು. ಗೌಡರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಹಣವಿಲ್ಲದ ಅವರು ಜನರಲ್ಲಿ ಕೇಳಿದ್ದು ‘ಒಂದು ವೋಟು, ಒಂದು ನೋಟು’ ಎಂದು ಹಿರಿಯರು ಹೇಳುವುದನ್ನು ಬಾಲ್ಯದಲ್ಲಿ ಕೇಳುತ್ತ ಬೆಳೆದವನು ನಾನು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಗೆ ಅವರ ಬದುಕೇ ಪ್ರೇರಣೆ.

ಇಲ್ಲಿ ನನ್ನ ಮನೆಯ ಮಾತೊಂದನ್ನು ಮುಚ್ಚಿಡದೆ ಹೇಳಬೇಕು. ನಮ್ಮದು ಸಣ್ಣ ತೋಟವಿದ್ದ ಹವ್ಯಕ ಕುಟುಂಬ. ತೋಟದ ಕೆಳಗಿನ ಎರಡು ಎಕರೆ ಗದ್ದೆಯನ್ನು ದೀವರ ಮನೆಯೊಂದಕ್ಕೆ ಗೇಣಿಗೆ ಕೊಟ್ಟಿದ್ದರು. ನಮ್ಮ ಅಟ್ಟದ ಮೇಲೆ ಎರಡು ಕೊಳಗಗಳಿದ್ದವು. ಬಾಲ್ಯದಲ್ಲಿ ಅವೆರಡೂ ಒಂದೇ ಎಂದು ತಿಳಿದಿದ್ದೆ. ಶಿಕ್ಷಕನಾದ ಮೇಲೆ ಒಮ್ಮೆ ಅಳತೆಯ ಪಾಠಕ್ಕೆಂದು ಕೆಳಗಿಳಿಸಿ ಸೇರಿನಿಂದ ಅಳೆದು ನೋಡಿದೆ. ಒಂದು ಕೊಳಗ ಇನ್ನೊಂದಕ್ಕಿಂತ ಅರ್ಧ ಸೇರಿನಷ್ಟು ಹೆಚ್ಚು ಹಿಡಿಯಿತು. ಅಜ್ಜಿಯನ್ನು ಕೇಳಿದೆ. ಅವಳು ಅಡಿಕೆ ಕತ್ತರಿಸುತ್ತ ತಲೆಯೆತ್ತದೆ, “ಅದು ಕೊಡೂದು, ಇದು ತಗಂಬೂದು” ಎಂದಳು. ಅಜ್ಜ ದುಷ್ಟರಾಗಿರಲಿಲ್ಲ, ಹಸಿದು ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಆದರೂ ಆ ಅರ್ಧ ಸೇರು ಪ್ರತಿ ಸುಗ್ಗಿಯಲ್ಲಿ, ಪ್ರತಿ ಕೊಳಗಕ್ಕೂ, ಎಷ್ಟೋ ವರ್ಷ ನಮ್ಮ ಕಣಜಕ್ಕೆ ಬಂದಿದೆ. ನಾನು ಓದಿ ಶಿಕ್ಷಕನಾದುದರಲ್ಲಿ ಅದರ ಪಾಲೂ ಇದೆ.

ಕಾಗೋಡಿನಲ್ಲಿ ಎದ್ದ ಪ್ರಶ್ನೆಗೆ ಕಾನೂನಿನ ಉತ್ತರ ಬರಲು ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. 1952ರ ಮೈಸೂರು ಗೇಣಿ ಕಾಯಿದೆ ಬಂದಿತು, 1961ರ ಭೂಸುಧಾರಣಾ ಕಾಯಿದೆ ಬಂದಿತು. ಕೊನೆಗೆ ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಭೂಮಿಗಳೆಲ್ಲ ಸರ್ಕಾರದ ವಶವಾಗಿ, ಉಳುವವನೇ ಅದರ ಒಡೆತನಕ್ಕೆ ಅರ್ಜಿ ಹಾಕುವ ದಾರಿ ತೆರೆಯಿತು. ಏಳನೇ ನಂಬರಿನ ಅರ್ಜಿ ತುಂಬಿ ಕೊಟ್ಟರೆ ಭೂ ನ್ಯಾಯಮಂಡಳಿ ವಿಚಾರಣೆ ನಡೆಸುತ್ತಿತ್ತು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಮಂಡಳಿಯ ಮುಂದೆ ಒಡೆಯ ಮತ್ತು ಗೇಣಿದಾರ ಎದುರುಬದುರು ನಿಲ್ಲಬೇಕು. “ಇವನು ಗೇಣಿದಾರನಲ್ಲ, ಕೂಲಿಯಾಳು” ಎಂದು ಹೇಳಿ ಭೂಮಿ ಉಳಿಸಿಕೊಂಡವರಿದ್ದರು. ನಮ್ಮ ಅಜ್ಜನೂ ಅಪ್ಪನಿಗೆ ಹಾಗೆಯೇ ಹೇಳಿಕೊಟ್ಟು ಕಳಿಸಿದ್ದರು. ರಶೀತಿ ಇರಲಿಲ್ಲವಾದ್ದರಿಂದ ಎಲ್ಲವೂ ಅಪ್ಪನ ಮಾತಿನ ಮೇಲೆ ನಿಂತಿತ್ತು. “ಗದ್ದೆ ಮಾಡ್ತಿರೋದು ಇವರೇ ಹೌದೇ?” ಎಂದು ಕೇಳಿದಾಗ ಅಪ್ಪ, “ಹೌದು, ಇವರ ಅಪ್ಪನ ಕಾಲದಿಂದ” ಎಂದರಂತೆ. ಗದ್ದೆ ಹೋಯಿತು. ಅಜ್ಜ ಅಪ್ಪನೊಡನೆ ಒಂದು ಮಳೆಗಾಲವಿಡೀ ಮಾತನಾಡಲಿಲ್ಲ. ಗದ್ದೆ ಪಡೆದವರು ಮಾತ್ರ ಎಂದಿನಂತೆ ಹೊಸ ಅಕ್ಕಿಯ ಹಬ್ಬದ ದಿನ ನಮ್ಮ ಜಗಲಿಗೆ ಬಂದರು. ಆ ದಿನ ಮೊದಲ ಬಾರಿಗೆ ಅವರು ಕಂಬಳಿಯ ಮೇಲೆ ಕುಳಿತರು.

ಇಷ್ಟು ಹೇಳಿ ಮುಗಿಸಿದರೆ ಇದೊಂದು ಸುಖಾಂತ ಕಥೆಯಾಗುತ್ತಿತ್ತು. ಆದರೆ ಈ ಕ್ಷೇತ್ರಕ್ಕೆ ಇನ್ನೊಂದು ಮಗ್ಗುಲಿದೆ. ಅದು ನೀರಿನಡಿಯಲ್ಲಿದೆ.

ಶರಾವತಿಗೆ ಅಡ್ಡಲಾಗಿ ಮೊದಲು ಹಿರೇಭಾಸ್ಕರ ಅಣೆಕಟ್ಟು ಬಂದಿತು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಅದು ಸಾಲದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. 1819 ಅಡಿಯವರೆಗೆ ನೀರು ನಿಂತರೆ ಸುಮಾರು 151 ಟಿಎಂಸಿ. ಆ ನೀರು ಹಿರೇಭಾಸ್ಕರವನ್ನೇ ಮುಳುಗಿಸಿತು. ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳನ್ನು, ಗದ್ದೆಗಳನ್ನು, ತೋಟಗಳನ್ನು ಮುಳುಗಿಸಿತು. ಶರಾವತಿಯ ಮುಖ್ಯ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ನಾಡಿನ ಎಷ್ಟೋ ನಗರಗಳ ದೀಪ ನಮ್ಮ ನೀರಿನಿಂದ ಉರಿಯಿತು. ಸಾಗರದಲ್ಲಿಯೇ ಬದುಕಿ 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ ಅವರು ಆ ಮುಳುಗಡೆಯ ನೋವನ್ನು ಕಥೆ ಕಾದಂಬರಿಗಳಲ್ಲಿ ಬರೆದಿಟ್ಟರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರ ಮಾಡಿದ್ದನ್ನು ಓದುಗರು ಬಲ್ಲರು.

1978ರಲ್ಲಿ ನನಗೆ ಹಿನ್ನೀರಿನಾಚೆಯ ಕರೂರು ಹೋಬಳಿಯ ಶಾಲೆಯೊಂದಕ್ಕೆ ವರ್ಗವಾಯಿತು. ಲಾಂಚಿನಲ್ಲಿ ದಾಟಿ ಹೋಗಬೇಕು. ಸಂಜೆಯ ಲಾಂಚು ತಪ್ಪಿದರೆ ಆ ರಾತ್ರಿ ದಡದಲ್ಲೇ. ನಾಡಿಗೆಲ್ಲ ವಿದ್ಯುತ್ತು ಕೊಟ್ಟ ಆ ನೀರಿನ ಪಕ್ಕದಲ್ಲೇ ನನ್ನ ಮಕ್ಕಳು ಚಿಮಣಿ ದೀಪದಲ್ಲಿ ಓದುತ್ತಿದ್ದರು. 1983ರ ಜನವರಿಯ ವಿಧಾನಸಭಾ ಚುನಾವಣೆಯಲ್ಲಿ ಮತಗಟ್ಟೆಯ ಕೆಲಸ ನನ್ನ ಪಾಲಿಗೆ ಬಂದಿತು. ಮತಪೆಟ್ಟಿಗೆಗಳನ್ನು ಲಾಂಚಿನಲ್ಲಿಟ್ಟುಕೊಂಡು ಬೆಳಗಿನ ಮಂಜಿನಲ್ಲಿ ದಾಟಿದ್ದು ಕಣ್ಣಿಗೆ ಕಟ್ಟಿದಂತಿದೆ. ಮತಗಟ್ಟೆಗೆ ಬಂದ ಅಜ್ಜಿಯೊಬ್ಬರನ್ನು ಹೆಸರು, ಊರು ಕೇಳಿದೆವು. ಅವರು ಹೇಳಿದ ಊರು ನಮ್ಮ ಪಟ್ಟಿಯಲ್ಲಿರಲಿಲ್ಲ. ಪಕ್ಷದ ಏಜೆಂಟನೊಬ್ಬ ನಕ್ಕು, “ಅದು ಮುಳುಗಿದ ಊರು ಸಾರ್” ಎಂದ. ಅಜ್ಜಿಗೆ ಸಿಟ್ಟು ಬಂದಿತು. “ಮುಳುಗದಿರೂದು ಊರು. ನಾ ಮುಳುಗೀನಾ?” ಎಂದರು. ಪಟ್ಟಿಯಲ್ಲಿ ಅವರ ಹೆಸರು ಬೇರೊಂದು ಊರಿನಡಿ ಸಿಕ್ಕಿತು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮತ ಹಾಕಿ ಹೋದರು.

ಮುಳುಗಡೆಯಾದವರಲ್ಲಿ ಕೆಲವರು ಹಿನ್ನೀರಿನ ಅಂಚಿನಲ್ಲೇ ಉಳಿದರು. ಬಹಳ ಮಂದಿಯನ್ನು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಿನ ನಡುವೆ ನೆಲೆ ಮಾಡಿಸಲಾಯಿತು. ಒಂದು ಕಡೆ ಇದ್ದಾಗ ಅವರದು ಒಂದು ಊರು, ಒಂದು ಕೂಗು. ಹಲವು ಕ್ಷೇತ್ರಗಳಿಗೆ ಹಂಚಿಹೋದ ಮೇಲೆ ಯಾವ ಕ್ಷೇತ್ರದಲ್ಲಿಯೂ ಅವರ ಮತವೊಂದೇ ಫಲಿತಾಂಶವನ್ನು ತಿರುಗಿಸುವಂತಿರಲಿಲ್ಲ. ಕೊಟ್ಟ ನೆಲಕ್ಕೆ ಹಕ್ಕುಪತ್ರವೂ ಸರಿಯಾಗಿ ಆಗಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕೇಂದ್ರದ ಅನುಮತಿಯಿಲ್ಲದೆ ಕಾಡಿನ ನೆಲವನ್ನು ಬಿಡುಗಡೆ ಮಾಡುವಂತಿಲ್ಲ. ರಾಜ್ಯ ಸರ್ಕಾರ ಮುಂದೆ ಹೊರಡಿಸಿದ ಬಿಡುಗಡೆ ಆದೇಶಗಳು ಇದೇ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನಲ್ಲಿ ನಿಲ್ಲಲಿಲ್ಲ. ಕಾಗೋಡಿನ ಚಳವಳಿಯಲ್ಲಿ ಬೆಳೆದ ಕಾಗೋಡು ತಿಮ್ಮಪ್ಪನವರು ಸಾಗರವನ್ನು ಹಲವು ಬಾರಿ ಪ್ರತಿನಿಧಿಸಿ, 2013ರಲ್ಲಿ ವಿಧಾನಸಭಾಧ್ಯಕ್ಷರಾಗಿ, 2016ರಲ್ಲಿ ಕಂದಾಯ ಸಚಿವರೂ ಆದರು. ಗೇಣಿದಾರನ ಮಗ ಕಂದಾಯ ಖಾತೆಯ ಪೀಠದಲ್ಲಿ ಕುಳಿತರೂ ಈ ಗಂಟು ಪೂರ್ತಿ ಬಿಚ್ಚಲಿಲ್ಲವೆಂದರೆ ಅದೆಷ್ಟು ಬಿಗಿಯೆಂದು ಓದುಗರೇ ಊಹಿಸಬಹುದು.

2008ರ ಚುನಾವಣೆಗೆ ಕ್ಷೇತ್ರಗಳ ಗಡಿಗಳೇ ಬದಲಾದವು. 2001ರ ಜನಗಣತಿಯ ಆಧಾರದ ಪುನರ್ವಿಂಗಡಣೆಯಲ್ಲಿ ಹೊಸನಗರ ಎಂಬ ಕ್ಷೇತ್ರವೇ ಇಲ್ಲವಾಗಿ, ಆ ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿಗಳ ನಡುವೆ ಹಂಚಿಹೋಯಿತು. ನಮ್ಮ ತಾಲ್ಲೂಕಿನ ತಾಳಗುಪ್ಪ ಹೋಬಳಿ ಸೊರಬಕ್ಕೆ ಸೇರಿತು. ಜನಸಂಖ್ಯೆಯ ಲೆಕ್ಕದಲ್ಲಿ ಇದು ನ್ಯಾಯವೇ. ಆದರೆ ಮುಳುಗಡೆಯಿಂದ ಊರುಗಳನ್ನು ಕಳೆದುಕೊಂಡು, ಜನರನ್ನು ಹೊರಗೆ ಕಳಿಸಿದ ತಾಲ್ಲೂಕಿನಲ್ಲಿ ತಲೆಗಳು ಕಡಿಮೆಯಾಗದೆ ಇನ್ನೇನಾದೀತು? ನೀರಿಗಾಗಿ ನೆಲ ಬಿಟ್ಟ ಹೊಸನಗರವು ಕೊನೆಗೆ ಸಭೆಯಲ್ಲಿ ತನ್ನ ಹೆಸರಿನ ಕುರ್ಚಿಯನ್ನೂ ಬಿಟ್ಟಿತು. 224 ಕ್ಷೇತ್ರಗಳ ಪಟ್ಟಿಯಲ್ಲಿ ಸಾಗರದ ಸಂಖ್ಯೆ ಈಗ 117.

ಇನ್ನು ಆ ಕಾಗದದ ವಿಷಯ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಊರಿನ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಕೊಡಲು ನಿಯಮದಲ್ಲಿ ಅವಕಾಶವಿದೆ. ನನ್ನ ಶಿಷ್ಯ ಬಂದದ್ದು ಅದಕ್ಕಾಗಿಯೇ. “ಮೇಷ್ಟ್ರೇ, ನೀವು ನಮ್ಮನೆಗೆ ಬಂದು ಹಾಜರಿಗೆ ಕರ್ಕೊಂಡು ಹೋಗ್ತಿದ್ರಿ. ಅದನ್ನೇ ಬರ್ಕೊಡಿ” ಎಂದ. ಲೆಕ್ಕ ಹಾಕಿ ನೋಡಿದೆ. 75 ವರ್ಷವೆಂದರೆ 1930ಕ್ಕೆ ಹೋಗಬೇಕು. ಅವನ ತಂದೆಯನ್ನು ಸರ್ಕಾರವೇ ಆ ಕಾಡಂಚಿಗೆ ತಂದುಬಿಟ್ಟದ್ದು ಲಿಂಗನಮಕ್ಕಿ ಕಟ್ಟುವಾಗ. ಅದಕ್ಕೂ ಹಿಂದೆ ಅವರು ಬಾಳಿದ ಊರಿಗೆ ಸಾಕ್ಷಿ ಹೇಳಬಲ್ಲವರು ಹೆಚ್ಚಿನವರು ಉಳಿದಿಲ್ಲ, ಊರೂ ಉಳಿದಿಲ್ಲ. ನಾನು 1978ರಿಂದೀಚೆಗಿನದನ್ನು ಮಾತ್ರ ಹೇಳಬಲ್ಲೆ. ಅದು ಸಾಲದೆಂದು ಅವನಿಗೂ ಗೊತ್ತು.

ನನಗೆ ಅಪ್ಪನ ನೆನಪಾಯಿತು. ಅಂದು ನ್ಯಾಯಮಂಡಳಿಯ ಮುಂದೆ ‘ಹೌದು’ ಎನ್ನಲು ಒಬ್ಬ ಒಡೆಯನಿದ್ದ. ಅವನ ಮಾತಿನಿಂದ ಎರಡು ಎಕರೆ ಒಂದು ಮನೆಯ ಪಾಲಾಯಿತು. ಇವನ ಎದುರಿಗಿರುವ ಒಡೆಯ ಸರ್ಕಾರವೇ. ಇವನನ್ನು ಅಲ್ಲಿ ತಂದು ಬಿಟ್ಟಿದ್ದು ತಾನೇ ಎಂದು ಆ ಒಡೆಯ ‘ಹೌದು’ ಅನ್ನದಿದ್ದರೆ ನನ್ನಂಥ ಮೇಷ್ಟ್ರ ಸಹಿ ಎಷ್ಟು ದೂರ ಹೋದೀತು? ಆದರೂ ಕುಳಿತು ಬರೆದುಕೊಟ್ಟೆ: ಇಂಥ ವರ್ಷ ಇವನು ನನ್ನ ತರಗತಿಯಲ್ಲಿ ಓದುತ್ತಿದ್ದ, ಇವನ ಮನೆ ಇಂಥ ಜಾಗದಲ್ಲಿತ್ತು, ಮುಂದಿನ ಗದ್ದೆಯನ್ನು ಇವನ ತಂದೆ ಉಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ಶಿಷ್ಯ ತನ್ನ ಬೈಕಿನಲ್ಲಿ ನನ್ನನ್ನು ಕೂರಿಸಿಕೊಂಡು ಅದನ್ನು ದಾಟಿಸಿ ತೋರಿಸಿದ. ಲಾಂಚಿಗಾಗಿ ತಾಸುಗಟ್ಟಲೆ ಕಾದ ದಾರಿಯನ್ನು ಕೆಲವೇ ನಿಮಿಷಗಳಲ್ಲಿ ದಾಟಿದೆವು. ನಡುವೆ ಗಾಡಿ ನಿಲ್ಲಿಸಿ ಅವನು ನೀರಿನ ಕಡೆ ಕೈ ತೋರಿಸಿ, ಬೇಸಿಗೆಯಲ್ಲಿ ನೀರಿಳಿದಾಗ ತಮ್ಮ ಹಳೆಯ ಊರಿನ ಮರದ ಬೊಡ್ಡೆಗಳು ಎಲ್ಲಿ ಕಾಣುತ್ತವೆಂದು ಹೇಳಿದ. ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಗಿಟ್ಟುಕೊಂಡಿದ್ದ. ಮರುದಿನ ಕಚೇರಿಗೆ ಕೊಡಬೇಕಾಗಿತ್ತು.